ದೂರದಿಂದ ಏನ್ ಕಾಣತೈತಿ?

ಮಂಗಳೂರು

ಪ್ರೀತಿಯ ಗೆಳೆಯರೇ,

ನಿಮ್ಮ ಕಾಗದ ಬಂದು ಎಷ್ಟೋ ತಿಂಗಳಾಯಿತು. ಮರೆತು ಸುಮ್ಮನಿದ್ದೆ ಅಂದುಕೊಳ್ಳಬೇಡಿ. ಕೊನೆಯ ಸಾಲಿನಲ್ಲಿ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಿಂಬಿ ಗಿಡಗಳಿಗೆ ನೀರು ಬಿಟ್ಟು ಬಂದು, ತಾಂಬಾದ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆದಿದ್ದಿರಿ: “ನಮ್ಮ ಕಡೆಯಿಂದ ಬಸ್ಸಿನ್ಯಾಗ ಹೋದ್ರ ವಿಜಾಪುರ ಇನ್ನೂ ದೂರ ಇರತೈತಿ, ಗೋಳಗುಮ್ಮಟ ಆಗಲೇ ಕಾಣತೈತಿ. ನೀವು ಇಷ್ಟು ವರ್ಷದಿಂದ ಬಂದರದ ಊರಾಗ ಫೋಟೋ ತಗೀತೀರಿ. ಅಲ್ಲಿ ದೂರದಿಂದ ಏನ್ ಕಾಣತೈತಿ?”

ನಾನೂ ಅದೇ ಮಣ್ಣಿನವನು. ಚಿಕ್ಕವನಿದ್ದಾಗ ಅಪ್ಪನ ಜೊತೆ ವಿಜಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಗೆ ಮೂಗು ಹಚ್ಚಿ ಕೂರುತ್ತಿದ್ದೆ. ಗುಮ್ಮಟ ಯಾರಿಗೆ ಮೊದಲು ಕಾಣುತ್ತದೆ ಅಂತ ನನಗೂ ತಂಗಿಗೂ ಪಂಥ. ಎರೆಹೊಲದ ಅಂಚಿನಲ್ಲಿ, ಬಿಳಿಜೋಳದ ತೆನೆಗಳ ಮೇಲೆ, ಯಾರೋ ಬೋರಲು ಹಾಕಿಟ್ಟ ಬಟ್ಟಲಿನ ಹಾಗೆ ಅದು ಏಳುತ್ತಿತ್ತು. 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ, ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಸುತ್ತ ಮರವಿಲ್ಲ, ಗುಡ್ಡವಿಲ್ಲ, ಕಣ್ಣಿಗೆ ಅಡ್ಡ ಬರುವಂಥದ್ದು ಒಂದೂ ಇಲ್ಲ. ನೋಡುವುದು ಅಂದರೆ ದೂರ ನೋಡುವುದು ಅಂತ ನಮ್ಮ ಕಣ್ಣಿಗೆ ರೂಢಿಯಾದದ್ದು ಅಲ್ಲಿ.

ಅಂಥ ಕಣ್ಣು ಹೊತ್ತು ಈ ಊರಿಗೆ ಬಂದವನಿಗೆ ಮೊದಲ ವರ್ಷ ಬಹಳ ಕಷ್ಟವಾಯಿತು. ಇಲ್ಲಿ ಯಾವುದೂ ದೂರದಿಂದ ಕಾಣುವುದಿಲ್ಲ. ದಿಬ್ಬ ಹತ್ತಿದರೆ ತೆಂಗು, ಇಳಿದರೆ ಹಲಸು, ತಿರುಗಿದರೆ ಕಾಂಪೌಂಡು ಗೋಡೆ. ಕದ್ರಿಯ ದೇವಸ್ಥಾನ ಅದರ ಬಾಗಿಲಿಗೆ ಹೋದ ಮೇಲೆಯೇ ಕಾಣುವುದು. ಅಲ್ಲಿ 968ನೇ ಇಸವಿಯ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪ ಅರಸ ಕುಂದವರ್ಮ ಮಾಡಿಸಿದ್ದು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯ ಆಂಟೋನಿಯೋ ಮೊಶ್ಚೆನಿ 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳು. ಅವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಇಲ್ಲಿ ನಿಲ್ಲುವುದಿಲ್ಲ. ನಿಮ್ಮ ಪ್ರಶ್ನೆಗೆ ಅವು ಉತ್ತರವಲ್ಲ.

ನಿಮ್ಮ ಕಾಗದ ಕೈಯಲ್ಲಿ ಹಿಡಿದು ಮೊದಲು ಹೋದದ್ದು ಬಾವುಟಗುಡ್ಡೆಗೆ. ಹಳೆಯ ದೀಪಸ್ತಂಭ ಇರುವ ಗುಡ್ಡ, ಅಲ್ಲಿಂದ ಕಡಲು ಕಂಡೇ ಕಾಣುತ್ತದೆ ಅಂದುಕೊಂಡಿದ್ದೆ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಬೆಳ್ಳಾರೆಯ ಕಡೆಯ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರಿಗೆ ಇಳಿದು ಬಂದು, ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು ಇಲ್ಲಿ ಎನ್ನುತ್ತಾರೆ. ಎರಡು ವಾರದ ಹತ್ತಿರ ಊರು ಅವರ ಕೈಯಲ್ಲಿತ್ತು. ಮುಂದಾಳಿನ ಹೆಸರಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ಅಂತ ಜನ ಆ ದಂಗೆಯನ್ನು ಕರೆದರು. ಅವರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಿಂದ ಆ ಗುಡ್ಡದ ಮೇಲಿದೆ. ಆದರೆ ಕಡಲಿನ ಬದಿಗೆ ತಿರುಗಿ ನಿಂತರೆ ಮರ, ಆಮೇಲೆ ಕಟ್ಟಡ, ಆಮೇಲೆ ಇನ್ನೊಂದು ಕಟ್ಟಡ. ಬಾವುಟ ಹಾರಿಸಿದ್ದು ಯಾರು ಕಾಣಲೆಂದು? ಊರವರಿಗೆ ಮಾತ್ರವಲ್ಲ, ಹಡಗಿನಲ್ಲಿ ಬರುವವರಿಗೂ ಕಾಣಲೆಂದು ಇರಬೇಕು. ಆ ಸಂಜೆ ಇಷ್ಟು ಹೊಳೆದಿತ್ತು. ಪೂರ್ತಿ ತಿಳಿಯಲು ಇನ್ನೊಬ್ಬರು ಬೇಕಾಯಿತು.

ಅವರು ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಕಾಯುತ್ತ ಕೂತಿದ್ದ ಒಬ್ಬ ಹಿರಿಯರು. ಬೋಳೂರಿನಲ್ಲಿ ಹೊಳೆಯ ದಂಡೆಗೆ ಕಪ್ಪು ಕಲ್ಲಿನ ಗಿಡ್ಡ ಬುರುಜು ಅದು. ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಎರಡನೆಯ ಮೈಸೂರು ಯುದ್ಧ ಮುಗಿಸಿದ ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಆ ವರ್ಷವೇ, ಮಾರ್ಚ್ 11ರಂದು. ನಾನು ಆ ಬುರುಜಿನ ಫೋಟೋ ಹತ್ತಾರು ಸಲ ತೆಗೆದಿದ್ದೇನೆ, ಒಂದೂ ಕೂಡಿ ಬಂದಿಲ್ಲ. ನಮ್ಮ ವಿಜಾಪುರದ ಉಪ್ಪಲಿ ಬುರುಜು ನೋಡಿದವನಿಗೆ ಇದು ಮಗುವಿನಂತೆ ಕಾಣುತ್ತದೆ. ಅಂದು ಮತ್ತೆ ಮಂಡಿಯೂರಿ ಕೂತು ಕೆಳಗಿನಿಂದ ದೊಡ್ಡದಾಗಿ ತೋರಿಸಲು ಒದ್ದಾಡುತ್ತಿದ್ದೆ. ಹಿರಿಯರು ಸ್ವಲ್ಪ ಹೊತ್ತು ನೋಡಿ, “ನೀವು ಅದರ ಬೆನ್ನು ತೆಗೀತಾ ಇದ್ದೀರಿ ಮಾರಾಯ್ರೆ. ಅದರ ಮೋರೆ ಆಚೆ ಉಂಟು, ದೋಣಿ ಹತ್ತಿ” ಅಂದರು.

ಹತ್ತಿದೆ. ಫಲ್ಗುಣಿ ಹೊಳೆಯ ನಡುವೆ ಬಂದು ಹಿಂದೆ ನೋಡಿದಾಗ ಆ ಗಿಡ್ಡ ಬುರುಜು ಬೇರೆಯೇ ಆಗಿತ್ತು. ಕಂಡಿಗಳು ಒಂದೊಂದೂ ನೀರಿನ ಮೇಲೆ ಕಣ್ಣು ನೆಟ್ಟಿದ್ದವು. ಯುದ್ಧದ ಹಡಗು ಹೊಳೆಯೊಳಗೆ ನುಗ್ಗದಂತೆ ಕಾಯಲು ಕಟ್ಟಿದ್ದು; ಅದಕ್ಕೆ ಎತ್ತರ ಬೇಕಿರಲಿಲ್ಲ, ಸರಿಯಾದ ಜಾಗ ಬೇಕಿತ್ತು. ಊರೊಳಗಿನಿಂದ ನೋಡುವವನಿಗೆ ಅದರ ಅರ್ಥ ಸಿಗುವುದೇ ಇಲ್ಲ. ನಾನು ಕೈ ನೀರಿಗೆ ಅದ್ದಿ ತುಟಿಗೆ ಹಚ್ಚಿದೆ. ಹೊಳೆಯಾದರೂ ಉಪ್ಪು. ನಮ್ಮ ಡೋಣಿ ನೆನಪಾಯಿತು. ಹೆಸರು ಡೋಣಿ, ದೋಣಿ ನಡೆಯುವ ಹೊಳೆಯಲ್ಲ; ಕಡಲಿಂದ ಅಷ್ಟು ದೂರವಿದ್ದೂ ನೀರು ಉಪ್ಪು.

ಆ ದಿನದಿಂದ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ. ಕತೆ ಅನ್ನುವುದು ಫೋಟೋದ ಕೆಳಗೆ ಬರೆಯುವ ಸಾಲು ಅಲ್ಲ. ಎಲ್ಲಿ ನಿಲ್ಲಬೇಕು ಅಂತ ಹೇಳುವುದೇ ಕತೆ. ಕೇಳಿಕೊಂಡು ಆಮೇಲೆ ಕ್ಯಾಮೆರಾ ಎತ್ತಬೇಕು. ನಾನು ಇಷ್ಟು ವರ್ಷ ಫೋಟೋ ತೆಗೆದು ಆಮೇಲೆ ಕತೆ ಹುಡುಕುತ್ತಿದ್ದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಎರಡು ಉದಾಹರಣೆ ಇವೆ, ನಿಮಗೆ ಗೊತ್ತಿರುವವೇ. 1850ರ ದಶಕದಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರಕಾರದ ಪರವಾಗಿ ವಿಜಾಪುರದ ಗುಮ್ಮಟ, ಮಸೀದಿಗಳ ಚಿತ್ರ ತೆಗೆದ. ಅವನವು ಮತ್ತು ಮೇಜರ್ ಲಾಕ್‌ನವು ಸೇರಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಆ ಕಾಲದ ಕ್ಯಾಮೆರಾ ಬೆಳಕನ್ನು ಬಹಳ ಹೊತ್ತು ಕುಡಿಯಬೇಕಿತ್ತು. ನಿಂತ ಕಲ್ಲು ಮೂಡುತ್ತಿತ್ತು, ಓಡಾಡುವ ಮನುಷ್ಯ ಅಳಿಸಿ ಹೋಗುತ್ತಿದ್ದ. ಮುಂದೆ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅಲ್ಲಿ ದನಿ ಉಳಿಯಿತು, ಹಾಡಿದವರ ಮುಖ ಉಳಿಯಲಿಲ್ಲ. ಆ ಎರಡರ ನಡುವಿನ ದಾರಿಯಲ್ಲಿ ನಡೆಯಬೇಕು ಅಂತ ನನ್ನ ಆಸೆ. ಇಂಡಿ ಸೀಮೆಯವನಾಗಿ ನನಗೆ ಹಲಸಂಗಿಯವರ ಋಣ ಹೆಚ್ಚು.

ದೋಣಿ ಹತ್ತಿಸಿದ ಹಿರಿಯರನ್ನು ನಾನು ಬಿಡಲಿಲ್ಲ. ಮೊಗವೀರರು, ಎಪ್ಪತ್ತು ದಾಟಿದವರು, ಹಿಂದೆ ತಂಡೇಲರು, ಅಂದರೆ ದೋಣಿಯ ಮುಂದಾಳು, ಆಗಿದ್ದವರು. ನಿಮ್ಮ ಪ್ರಶ್ನೆಯನ್ನು ಅವರಿಗೇ ಕೇಳಿದೆ. ನಕ್ಕರು. “ಅದಕ್ಕೆ ಬಾಯಲ್ಲಿ ಉತ್ತರ ಇಲ್ಲ. ಮಳೆಗಾಲ ಮುಗಿಯಲಿ, ಗಾಳಿ ತೊಳೆದ ಮೇಲೆ ಕರೆದುಕೊಂಡು ಹೋಗ್ತೇನೆ” ಅಂದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಸರಕಾರದ ನಿಷೇಧ. ದಕ್ಕೆಯಲ್ಲಿ ಬೋಟುಗಳು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತವೆ, ಸುಗ್ಗಿ ಮುಗಿದ ಮೇಲೆ ನಮ್ಮ ಚಕ್ಕಡಿಗಳು ನಿಂತ ಹಾಗೆ. ನೂಲು ಹುಣ್ಣಿಮೆಗೆ ತಣ್ಣೀರುಬಾವಿಯ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡಿದರು. ನನಗೆ ಎಳ್ಳಮಾಸಿಯ ಚರಗ ಕಣ್ಣಿಗೆ ಕಟ್ಟಿತು. ನಾವು ಹೊಲದ ನಾಲ್ಕು ಮೂಲೆಗೆ ಚೆಲ್ಲುತ್ತೇವೆ, ಅವರ ಹೊಲಕ್ಕೆ ಮೂಲೆಯೇ ಇಲ್ಲ.

ಅಕ್ಟೋಬರಿನ ಒಂದು ಬೆಳಗಿನ ಜಾವ, ನಾಲ್ಕೂವರೆಗೆ, ಅವರ ಮಗನ ನಾಡದೋಣಿಯಲ್ಲಿ ಹೊರಟೆವು. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವ ಬಾಯಿಗೆ ಅಳಿವೆ ಬಾಗಿಲು ಅನ್ನುತ್ತಾರೆ. ಹೊಳೆ ತಂದ ಮರಳೂ ಕಡಲು ತಳ್ಳಿದ ಮರಳೂ ಅಲ್ಲಿ ಗುಡ್ಡೆ ಬೀಳುತ್ತವೆ, ಅದರ ಮೇಲೆ ತೆರೆ ಒಡೆಯುತ್ತದೆ. ಆ ಮರಳಿನಿಂದಾಗಿಯೇ ದೊಡ್ಡ ಹಡಗುಗಳು ಹಳೆ ಬಂದರಿನ ಒಳಗೆ ಬರಲಾಗದೆ ಹೊರಗೆ ಲಂಗರು ಹಾಕುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಹೋಗಿ ಬರುತ್ತಿತ್ತು. ಕೊನೆಗೆ ಪಣಂಬೂರಿನಲ್ಲಿ ನೆಲ ಅಗೆದು ಕಡಲನ್ನು ಒಳಕ್ಕೆ ಕರೆತಂದು ಹೊಸ ಬಂದರು ಮಾಡಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅಳಿವೆ ದಾಟುವಾಗ ನಾನು ದೋಣಿಯ ಅಂಚು ಬಿಗಿಯಾಗಿ ಹಿಡಿದಿದ್ದೆ. ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಹಿರಿಯರು ಕೈ ಮುಗಿದರು.

“ಈಗ ಹಿಂದೆ ನೋಡ್ತಾ ಇರಿ” ಅಂದರು. “ಮೊದಲು ಮರಳು ಹೋಗ್ತದೆ. ಆಮೇಲೆ ಮನೆ ಹೋಗ್ತದೆ. ಆಮೇಲೆ ತೆಂಗು. ಆಮೇಲೆ ಉಳಿಯುವುದು ಯಾವುದು ಅಂತ ನೀವೇ ಹೇಳಿ.”

ಗೆಳೆಯರೇ, ಭೂಮಿ ಮುಳುಗುವುದನ್ನು ನಾನು ಅಂದು ನೋಡಿದೆ. ಬಯಲಿನಲ್ಲಿ ಗುಮ್ಮಟದ ಕಡೆಗೆ ಹೋಗುತ್ತ ಅದು ಮೇಲೇಳುವುದನ್ನು ನೋಡಿದವನು, ಇಲ್ಲಿ ಬಿಟ್ಟು ಹೋಗುತ್ತ ಎಲ್ಲವೂ ಕೆಳಗಿಳಿಯುವುದನ್ನು ನೋಡಿದೆ. ದಂಡೆಯ ಬಿಳಿ ಗೆರೆ ಹೋಯಿತು. ತೆಂಗಿನ ಸಾಲು ಒಂದು ಹಸಿರು ದಾರವಾಗಿ, ಆಮೇಲೆ ಇಲ್ಲವಾಯಿತು. ಪಶ್ಚಿಮ ಕಡಲಿನಲ್ಲಿ ಸೂರ್ಯ ಹುಟ್ಟುವುದು ನೆಲದ ಬದಿಯಿಂದ. ಹಾಗಾಗಿ ಬೆಳಕು ಬಂದದ್ದು ಗುಡ್ಡಗಳ ಹಿಂದಿನಿಂದ. ಘಟ್ಟದ ಸಾಲು ಕಪ್ಪು ಕಾಗದ ಕತ್ತರಿಸಿ ಅಂಟಿಸಿದಂತೆ ಎದ್ದು ನಿಂತಿತು, ಅದರಲ್ಲಿ ಒಂದು ಶಿಖರ ಬೇರೆಯಾಗಿ. “ಕುದುರೆಮುಖ” ಅಂದರು ಹಿರಿಯರು. ಆ ಹೆಸರು ಯಾಕೆ ಅಂತ ನನಗೆ ತಿಳಿದದ್ದು ಅಲ್ಲಿ: ಕುತ್ತಿಗೆ, ಕಿವಿ, ಇಳಿಜಾರಾದ ಮೂತಿ. 1,894 ಮೀಟರ್ ಎತ್ತರದ ಆ ಬೆಟ್ಟ ಹಾಯಿ ಹಡಗಿನ ಕಾಲದಿಂದಲೂ ನಾವಿಕರ ಗುರುತು. ಇದು ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ.

ಆ ಬೆಟ್ಟದ ಸಾಲಿನ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿ, ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸಿದ ಕಾಲವೂ ಒಂದಿತ್ತು; 2005ರ ಕೊನೆಗೆ ಗಣಿ ನಿಂತಿತು. ನೂರಾರು ವರ್ಷ ಹಡಗುಗಳಿಗೆ ದಾರಿ ತೋರಿಸಿದ ಬೆಟ್ಟ ಕಡೆಗೆ ತಾನೇ ಹಡಗು ಹತ್ತಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಗಣಿ ನಿಲ್ಲಿಸಲು ಹೋರಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದು ಆ ಫೋಟೋ ತೆಗೆದೆ. ದೋಣಿ ಅಲುಗುತ್ತಿತ್ತು, ಶಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಟ್ಟರೂ ನಲವತ್ತರಲ್ಲಿ ಮೂರು ಮಾತ್ರ ನೆಟ್ಟಗೆ ಬಂದವು.

ಹಿರಿಯರಿಗೆ ಬೇರೆ ಗುರುತುಗಳೂ ಇದ್ದವು. ಹಿಂದೆ ರಾತ್ರಿ ಮರಳುವಾಗ ರೊಜಾರಿಯೊ ಇಗರ್ಜಿಯ ಗುಮ್ಮಟದ ಮೇಲಿನ ಶಿಲುಬೆಯ ದೀಪ ನೋಡಿ ದಿಕ್ಕು ಹಿಡಿಯುತ್ತಿದ್ದರಂತೆ. ಇಲ್ಲೂ ಒಂದು ಗುಮ್ಮಟ ಇದೆ, ನೋಡಿ! ಹಗಲಿಗೆ ಹಂಚಿನ ಕಾರ್ಖಾನೆಗಳ ಚಿಮಣಿ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕೆಲಸ ನೇತ್ರಾವತಿಯ ದಂಡೆಗುಂಟ ಹಬ್ಬಿತ್ತು. ಈಗ ರಾತ್ರಿಯಲ್ಲಿ ತೈಲ ಕಾರ್ಖಾನೆ ಎಂಆರ್‌ಪಿಎಲ್‌ನ ಬೆಂಕಿ. “ಈಗ ಎಲ್ಲರ ಕೈಯಲ್ಲೂ ಜಿಪಿಎಸ್ ಉಂಟು. ಆದ್ರೂ ನಾನು ಆ ಜೋಡಿ ಬಿಲ್ಡಿಂಗ್ ನೋಡಿಯೇ ಬರುವುದು” ಅಂತ ಬೆರಳು ತೋರಿಸಿದರು. ಕುದುರೆಮುಖಕ್ಕೂ ನೀರಿಗೂ ನಡುವೆ, ಎರಡು ಕಡ್ಡಿ ಚುಚ್ಚಿ ನಿಲ್ಲಿಸಿದಂತೆ, ಎರಡು ಎತ್ತರದ ಅಪಾರ್ಟ್‌ಮೆಂಟುಗಳು. ಅವನ್ನು ನಾನು ಯಾವತ್ತೂ ಫೋಟೋ ತೆಗೆದಿರಲಿಲ್ಲ. ಚಿತ್ರ ಕೆಡಿಸುತ್ತವೆ ಅಂತ ಬದಿಗೆ ಸರಿಸುತ್ತಿದ್ದೆ. ಈ ಜೋಡಿಯ ಮಾತು ಮುಂದೆ ಬರುತ್ತದೆ.

ಕೆಲವನ್ನು ನಾನು ನಿಮಗೆ ತೋರಿಸಲಾರೆ. ಬೊಬ್ಬರ್ಯ ದೈವದ ಸಾನ, ಅಂದರೆ ಗುಡಿ, ಕಡಲ ದಂಡೆಗುಂಟ ಮೊಗವೀರರ ಊರುಗಳಲ್ಲಿ ಇದೆ. ಬ್ಯಾರಿ ವ್ಯಾಪಾರಿಯ ಮಗ, ಹಡಗು ನಡೆಸಿದವನು, ಕಡಲಿನಲ್ಲೇ ಮಾಯವಾಗಿ ದೈವವಾದವನು ಅಂತ ತುಳು ಪಾಡ್ದನಗಳು ಅವನ ಕತೆಯನ್ನು ಊರಿಗೊಂದು ಬಗೆಯಲ್ಲಿ ಹೇಳುತ್ತವೆ. ಮುಸಲ್ಮಾನ ತಂದೆಯ ಮಗ ಹಿಂದೂ ಬೆಸ್ತರ ಕಾವಲು ದೈವ. ಮೊಹರಂ ದಿನ ದೇವರು ಹೊರುವ, ರಿವಾಯತ್ ಪದ ಹಾಡುವ ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೋದ ಕೋಲದಲ್ಲಿ ಹಿರಿಯರು ಕ್ಯಾಮೆರಾ ಬೇಡ ಅಂದರು. ಚೀಲದಲ್ಲಿಟ್ಟು ಬೆಳಗಿನ ತನಕ ಕೂತೆ. ಆ ರಾತ್ರಿಯ ಚಿತ್ರ ನನ್ನ ಹತ್ತಿರ ಇಲ್ಲ. ಬೇಡ ಅಂದದ್ದು ಸರಿಯಾಗಿತ್ತು.

ಇನ್ನೊಂದಕ್ಕೆ ಕಲ್ಲೂ ಇಲ್ಲ, ಗುಡಿಯೂ ಇಲ್ಲ. ಬಾಗೇವಾಡಿಯ ಬಸವಣ್ಣನ ಕಾಲದಲ್ಲಿ, ಹನ್ನೆರಡನೇ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅವನಿಗೆ ಬರೆಯಲು ಕಾಗದ, ಸಕ್ಕರೆ, ಒಣದ್ರಾಕ್ಷಿ ಕಡಲಾಚೆಯಿಂದ ಬರುತ್ತಿದ್ದವು. ಅಶು ಎಂಬ ಇಲ್ಲಿನ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ. ಬೊಮ್ಮ ಎಂಬ ಆಳು ಅವನ ವ್ಯಾಪಾರದ ಕೆಲಸಕ್ಕೆ ಏಡನ್ನಿನ ತನಕ ಹೋಗಿ ಬಂದ. ಇಷ್ಟೆಲ್ಲ ತಿಳಿದದ್ದು ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದ ಕಾಗದಗಳಿಂದ. ಅಮಿತಾವ್ ಘೋಷ್ ಆ ಬೊಮ್ಮನನ್ನು ಹುಡುಕುತ್ತ ಮಂಗಳೂರಿಗೆ ಬಂದು 1992ರಲ್ಲಿ ಪುಸ್ತಕ ಬರೆದರು. ಬೊಮ್ಮ! ನಮ್ಮ ಓಣಿಯಲ್ಲಿ ಕೂಗಿದರೆ ಯಾರಾದರೂ ‘ಓ’ ಅನ್ನುವಂಥ ಹೆಸರು. ಅವನ ಗುರುತಿಗೆ ಅಂತ ಒಂದು ಬೆಳಿಗ್ಗೆ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಡಗಿಗೆ ಮೂಟೆ ಹೊರುವವರ ಫೋಟೋ ತೆಗೆದೆ. ಮೂಟೆ ಹೊತ್ತ ಬೆನ್ನು ಸುಮಾರು ಒಂಬೈನೂರು ವರ್ಷದ ಹಿಂದೆಯೂ ಹೀಗೇ ಬಾಗಿರಬೇಕು. ಗೋದಾಮಿನ ಮೆಣಸಿನ ಘಾಟು ಮಾತ್ರ ಲಕೋಟೆಯಲ್ಲಿ ಬರುವುದಿಲ್ಲ.

ನಮ್ಮ ವಿಜಾಪುರಕ್ಕೂ ಒಮ್ಮೆ ಬಂದರು ಇತ್ತು. 1510ರಲ್ಲಿ ಪೋರ್ಚುಗೀಸರು ಕಿತ್ತುಕೊಳ್ಳುವವರೆಗೆ ಗೋವಾ ಆದಿಲ್‌ಶಾಹಿಗಳದು. ಅರಬರ ಕುದುರೆಗಳು ಅಲ್ಲೇ ಇಳಿಯುತ್ತಿದ್ದವು. ಮತ್ತೆ ಪಡೆಯಲು 1570-71ರಲ್ಲಿ ಅಲಿ ಆದಿಲ್‌ಶಾಹ ಮುತ್ತಿಗೆ ಹಾಕಿದ, ಸಿಗಲಿಲ್ಲ. ಈಗ ನಮ್ಮ ಜನ ಕಡಲಿಗೆ ಬರುವ ದಾರಿ ಬೇರೆ. ವಿಜಯಪುರದಿಂದ ರೈಲು ಹುಬ್ಬಳ್ಳಿ, ಹಾಸನ ಸುತ್ತಿ, ಸಕಲೇಶಪುರ ದಾಟಿ, 57 ಸುರಂಗಗಳ ಘಾಟಿ ಇಳಿದು ಬರುತ್ತದೆ. ಅದರಲ್ಲೂ ರಾತ್ರಿ ಬಸ್ಸುಗಳಲ್ಲೂ ಬುತ್ತಿಗಂಟು, ಕಟಿರೊಟ್ಟಿ, ಶೇಂಗಾ ಹಿಂಡಿ, ಕಂಕುಳಲ್ಲಿ ಮಗು. ಬೆಳಿಗ್ಗೆ ಊರಿನ ವೃತ್ತಗಳಲ್ಲಿ ಕೂಲಿಗೆ ನಿಂತವರ ಮಾತು ಕೇಳಿ. ಬಾಗಲಕೋಟೆ, ಸಿಂದಗಿ, ಮುದ್ದೇಬಿಹಾಳ ಎಲ್ಲ ಅಲ್ಲೇ ಸಿಗುತ್ತವೆ. ಇಲ್ಲಿನವರು ನಮ್ಮನ್ನು ಘಟ್ಟದವರು ಅನ್ನುತ್ತಾರೆ.

ಕಳೆದ ಭಾನುವಾರ ತಣ್ಣೀರುಬಾವಿಯಲ್ಲಿ ಸಂಜೆಯ ಬೆಳಕಿಗೆ ಕಾದಿದ್ದೆ. ಅಲ್ಲಿಂದ ಹೊಳೆಯಾಚೆ ಇಡೀ ಊರು ಕಾಣುತ್ತದೆ. ಇಳಕಲ್ ಸೀರೆಯ ಒಬ್ಬ ಹೆಣ್ಣುಮಗಳು ಗಂಡ, ಎರಡು ಮಕ್ಕಳ ಜೊತೆ ಬಂದು ನನ್ನ ಪಕ್ಕ ನಿಂತಳು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡಿದ್ದು ಕಿವಿಗೆ ಬಿದ್ದಿತ್ತು.

“ಅಣ್ಣಾರ, ನಮ್ಮ ಕಡ್ಯಾವ್ರೇನ್ರಿ?”

“ಹೌದವ್ವ, ತಾಂಬಾದಾವ.”

ಅವಳ ತವರು ತಾಂಬಾದ ಹತ್ತಿರದ ಒಂದು ಹಳ್ಳಿ. ಆರು ವರ್ಷದಿಂದ ಇಲ್ಲಿ ಕಟ್ಟಡದ ಕೆಲಸ. ಕೈ ಎತ್ತಿ ಹೊಳೆಯಾಚೆ ತೋರಿಸಿದಳು: “ಆ ಜೋಡಿ ಬಿಲ್ಡಿಂಗ್ ಕಾಣತಾವಲ್ರಿ, ಅದರಾಗ ಎಡಗಡೀದು ನಮ್ದು. ಪಾಯಾದಿಂದ ಮ್ಯಾಲಿನ ಸ್ಲ್ಯಾಬ್ ತನಕ ಬುಟ್ಟಿ ಹೊತ್ತೀನ್ರಿ. ಸಣ್ಣಾವ ಹುಟ್ಟಿದಾಗಷ್ಟಽ ನಾಕು ತಿಂಗಳ ಬಿಟ್ಟಿದ್ದೆ.”

ನಾನು ತಿರುಗಿ ನೋಡಿದೆ. ತಂಡೇಲರ ಗುರುತಿನ ಜೋಡಿ ಅದು. ಕಡಲಿನ ನಡುವಿನಿಂದ ಮನೆಗೆ ಮರಳುವವರು ಕಣ್ಣು ನೆಡುವ ಕಟ್ಟಡವನ್ನು ಹೊತ್ತು ಏರಿಸಿದವಳು ನಿಮ್ಮೂರ ಮಗ್ಗುಲಿನವಳು. ಕಡಲಲ್ಲಿ ದೋಣಿ ನಡೆಸುವ ಹಿರಿಯರ ಮಾತು ಹೇಳಿದೆ. “ಅಷ್ಟ್ ದೂರಕ್ಕ ಕಾಣತೈತ್ರಿ?” ಅಂದಳು, ಗಂಡನನ್ನು ಕರೆದು ಅವನಿಗೂ ಹೇಳಿಸಿದಳು.

ಆ ಕಟ್ಟಡ ಹಿಂದೆ ಬರುವಂತೆ ನಿಲ್ಲಿಸಿ ಫೋಟೋ ತೆಗೆಯಲು ಹೊರಟೆ. ಅವಳು ಒಪ್ಪಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು ನೇರ ಕಡಲಿನ ಕಡೆಗೆ ನಡೆದು, ಮೊಣಕಾಲಿನ ತನಕ ನೀರಿಗಿಳಿದು, ಬೆನ್ನ ಹಿಂದೆ ನೀರಷ್ಟೇ ಇರುವ ಹಾಗೆ ನಿಂತಳು. “ನಮ್ಮವ್ವ ಫೋನ್ ಮಾಡಿದಾಗೊಮ್ಮೆ ಕೇಳತಾಳ್ರಿ, ಸಮುದ್ರ ಅಂದ್ರ ಎಷ್ಟ್ ನೀರಂತ. ಹೇಳಾಕ ಬರೂದಿಲ್ಲ ನನಗ. ಇದನ್ನ ಕಳಸ್ರಿ.”

ಈ ಲಕೋಟೆಯಲ್ಲಿ ನಿಮಗೆ ಎರಡು ಫೋಟೋ ಇವೆ: ಕುದುರೆಮುಖ, ಮತ್ತು ದೋಣಿಯಿಂದ ಕಂಡ ಜೋಡಿ ಕಟ್ಟಡ. ಮೂರನೆಯದು ಬೇರೆ ಕವರಿನಲ್ಲಿದೆ, ಅದು ಅವಳ ಅವ್ವನಿಗೆ. ಊರು, ಮನೆಯ ಗುರುತು ಚೀಟಿಯಲ್ಲಿ ಬರೆದಿದ್ದೇನೆ. ನೀವೇ ಕೈಯಾರೆ ಕೊಟ್ಟು ಬನ್ನಿ. ಅಂಚೆಗೆ ಹಾಕಬೇಡಿ, ಮುದುಕಿಗೆ ಕಣ್ಣು ಮಂಜಂತೆ, ಬೆಳಕಿಗೆ ಹಿಡಿದು ತೋರಿಸಬೇಕು. ನೋಡಿದ ಮೇಲೆ ಆ ತಾಯಿ ಏನಂದಳು ಅಂತ ಅವಳ ಮಾತಿನಲ್ಲೇ ಬರೆದುಕೊಂಡು ನನಗೆ ಕಳಿಸಿ.

ಹಾಗೇ ಇನ್ನೊಂದು. ಮುಂದಿನ ಸಲ ವಿಜಾಪುರಕ್ಕೆ ಹೋಗುವಾಗ ಗುಮ್ಮಟ ಮೊದಲು ಕಾಣುವ ತಾವಿನಲ್ಲಿ ಇಳಿದು, ನಿಮ್ಮ ಫೋನಿನಲ್ಲೇ ಆಗಲಿ, ಒಂದು ಫೋಟೋ ತೆಗೆಯಿರಿ. ಮುಂದೆ ಜೋಳದ ಹೊಲ ಇರಲಿ. ತಂಡೇಲರಿಗೆ ತೋರಿಸಬೇಕು. ನಿಮ್ಮ ಊರಲ್ಲಿ ದೂರದಿಂದ ಏನು ಕಾಣ್ತದೆ ಅಂತ ಅವರು ಕೇಳಿದ್ದಾರೆ.

ನಿಮ್ಮ ಗೆಳೆಯ